ಒಂದು ಚೂರು ಕಾಗದ ಕಲಿಸಿದ ಪಾಠ



ನನ್ನ ಕೈಯಲ್ಲಿ ಅಂಚೆ ಚೀಟಿಗಳ ಒಂದು ಹಾಳೆ ಇದೆ. ಒಂದು ಚೀಟಿಗೂ ಇನ್ನೊಂದಕ್ಕೂ ನಡುವೆ ಸಣ್ಣ ತೂತುಗಳ ಸಾಲು. ಎಚ್ಚರಿಕೆಯಿಂದ ಬಿಡಿಸಿದರೆ ಚೀಟಿ ಸಲೀಸಾಗಿ ಬರುತ್ತದೆ. ಅವಸರ ಮಾಡಿದರೆ ಒಂದು ಮೂಲೆ ಹಾಳೆಗೇ ಅಂಟಿಕೊಂಡು ನೇತಾಡುತ್ತದೆ. ಆಗ ಚೀಟಿ ಹಾಳೆಯಿಂದ ಬಿಟ್ಟಿತೆನ್ನಬೇಕೋ, ಬಿಟ್ಟಿಲ್ಲವೆನ್ನಬೇಕೋ? ಅಂಚೆ ಚೀಟಿಯ ವಿಷಯದಲ್ಲಿ ಈ ಪ್ರಶ್ನೆಗೆ ಬೆಲೆಯಿಲ್ಲ. ಆದರೆ ಇಂಥದೇ ಒಂದು ಚೂರು ಕಾಗದ, ಅಂಚೆ ಚೀಟಿಗಿಂತ ಎಷ್ಟೋ ಚಿಕ್ಕದು, 2000ನೇ ಇಸವಿಯಲ್ಲಿ ಅಮೆರಿಕದ ಅಧ್ಯಕ್ಷರು ಯಾರೆಂಬ ನಿರ್ಣಯವನ್ನು ಐದು ವಾರಗಳ ಕಾಲ ತಡೆದು ನಿಲ್ಲಿಸಿತ್ತು.

ಆಗ ನಾನು ಬಿ.ಎಸ್‌ಸಿ. ವಿದ್ಯಾರ್ಥಿ. ಹಾಸ್ಟೆಲಿನ ಟೆಲಿವಿಷನ್ ಮುಂದೆ ಕುಳಿತು ಸುದ್ದಿ ನೋಡುತ್ತಿದ್ದೆವು. ಒಬ್ಬ ಅಧಿಕಾರಿ ಕನ್ನಡಕವನ್ನು ಹಣೆಗೇರಿಸಿ, ಭೂತಗನ್ನಡಿ ಹಿಡಿದು, ಒಂದು ರಟ್ಟಿನ ಕಾರ್ಡನ್ನು ದೀಪಕ್ಕೆ ಎತ್ತಿ ಹಿಡಿದು ಪರೀಕ್ಷಿಸುತ್ತಿದ್ದರು. ‘ಚಂದ್ರನ ಮೇಲೆ ಮನುಷ್ಯನನ್ನು ಇಳಿಸಿದ ದೇಶ ಮತ ಎಣಿಸಲಾರದೆ ಹೋಯಿತೇ?’ ಎಂದು ಗೆಳೆಯನೊಬ್ಬ ನಕ್ಕ. ನಾವೂ ನಕ್ಕೆವು. ಆ ನಗು ಸರಿಯಾದುದಾಗಿರಲಿಲ್ಲ ಎಂದು ನನಗೆ ತಿಳಿದದ್ದು ಬಹಳ ದಿನಗಳ ಮೇಲೆ. ಅವರಿಗೆ ಎಣಿಸಲು ಬರುತ್ತಿರಲಿಲ್ಲ ಎಂದಲ್ಲ. ಯಾವುದನ್ನು ಮತವೆಂದು ಎಣಿಸಬೇಕು ಎಂಬುದು ಅವರ ಕಾನೂನಿನಲ್ಲಿ ಸ್ಪಷ್ಟವಾಗಿ ಬರೆದಿರಲಿಲ್ಲ. ಇಂದಿನ ಮಾತು ಈ ವ್ಯತ್ಯಾಸವನ್ನು ಕುರಿತದ್ದು.

ಮೊದಲು ಆ ದೇಶದ ವ್ಯವಸ್ಥೆಯನ್ನು ಸ್ವಲ್ಪ ತಿಳಿಯೋಣ. ನಮ್ಮಲ್ಲಿ ಲೋಕಸಭೆಗಾಗಲಿ ವಿಧಾನಸಭೆಗಾಗಲಿ ಚುನಾವಣೆ ನಡೆಸುವುದು ಭಾರತದ ಚುನಾವಣಾ ಆಯೋಗ. ಕಾಶ್ಮೀರದಲ್ಲಿಯೂ ಕಾರವಾರದಲ್ಲಿಯೂ ಮತಯಂತ್ರ ಒಂದೇ ಬಗೆಯದು, ನಿಯಮಗಳೂ ಒಂದೇ. ಅಮೆರಿಕದಲ್ಲಿ ಹಾಗಲ್ಲ. ಅಧ್ಯಕ್ಷರ ಚುನಾವಣೆಯನ್ನೂ ನಡೆಸುವುದು ಆಯಾ ರಾಜ್ಯ. ಯಾವ ಯಂತ್ರವನ್ನು ಬಳಸಬಹುದು, ಅದು ಎಂಥ ಪರೀಕ್ಷೆಯಲ್ಲಿ ತೇರ್ಗಡೆಯಾಗಬೇಕು, ಚುನಾವಣೆಯ ದಿನಕ್ಕೆ ಮುಂಚೆಯೇ ಮತ ಹಾಕಬಹುದೇ, ಅಂಚೆಯಲ್ಲಿ ಬಂದ ಮತವನ್ನು ಯಾವಾಗ ತೆರೆಯಬೇಕು, ಇವನ್ನೆಲ್ಲ ತೀರ್ಮಾನಿಸುವುದು ಬಹುಮಟ್ಟಿಗೆ ರಾಜ್ಯದ ಶಾಸನಸಭೆ. ರಾಜ್ಯದೊಳಗೆ ನಮ್ಮ ಜಿಲ್ಲೆಗಳಂತೆ ಕೌಂಟಿಗಳಿವೆ. ಯಂತ್ರಗಳನ್ನು ಕೊಳ್ಳುವುದೂ ಮತಪತ್ರ ಅಚ್ಚು ಹಾಕಿಸುವುದೂ ಕೌಂಟಿಗಳ ಕೆಲಸ.

ಫ್ಲಾರಿಡಾ ರಾಜ್ಯದಲ್ಲಿ 67 ಕೌಂಟಿಗಳು. 2000ದಲ್ಲಿ ಅವುಗಳ ಪೈಕಿ 24 ಕೌಂಟಿಗಳು ಪಂಚ್ ಕಾರ್ಡ್ ಬಳಸುತ್ತಿದ್ದವು. 41 ಕೌಂಟಿಗಳಲ್ಲಿ ಬೆಳಕಿನಿಂದ ಓದುವ ಯಂತ್ರಗಳಿದ್ದವು. ಒಂದರಲ್ಲಿ ಹಳೆಯ ಕಾಲದ ಸನ್ನೆಕೋಲಿನ ಯಂತ್ರ, ಮತ್ತೊಂದರಲ್ಲಿ ಕೈಯಿಂದಲೇ ಎಣಿಕೆ. ಒಂದೇ ರಾಜ್ಯ, ಒಂದೇ ಹುದ್ದೆ, ನಾಲ್ಕು ಬಗೆಯ ಸಾಧನ!

ಪಂಚ್ ಕಾರ್ಡ್ ಎಂದರೇನು? ಒಂದು ದಪ್ಪ ಕಾರ್ಡಿನ ಮೇಲೆ ಸಣ್ಣ ಸಣ್ಣ ಚೌಕಗಳನ್ನು ಅಂಚೆ ಚೀಟಿಯ ಸಾಲಿನಂತೆ ಅರೆಬರೆ ಕತ್ತರಿಸಿರುತ್ತಾರೆ. ಮತದಾರ ಕಾರ್ಡನ್ನು ಒಂದು ಚೌಕಟ್ಟಿನೊಳಗೆ ತೂರಿಸಿ, ತನಗೆ ಬೇಕಾದ ಹೆಸರಿನ ಎದುರಿಗೆ ಮೊನೆಯಿರುವ ಕಡ್ಡಿಯಿಂದ ಒತ್ತುತ್ತಾನೆ. ಚೌಕ ಕಳಚಿ ಬೀಳಬೇಕು, ತೂತು ಉಳಿಯಬೇಕು. ಎಣಿಕೆ ಯಂತ್ರ ಆ ತೂತಿನ ಮೂಲಕ ಬರುವ ಬೆಳಕನ್ನು ಗುರುತಿಸುತ್ತದೆ. ಕಳಚುವ ಚೂರಿಗೆ ಅಲ್ಲಿ ‘ಚ್ಯಾಡ್’ ಎಂದು ಹೆಸರು. ಕೈಬಲ ಸಾಲದಿದ್ದರೆ, ಚೌಕಟ್ಟಿನ ಅಡಿಯಲ್ಲಿ ಹಳೆಯ ಚೂರುಗಳು ತುಂಬಿಕೊಂಡಿದ್ದರೆ, ಚ್ಯಾಡ್ ಪೂರ್ತಿ ಕಳಚುವುದಿಲ್ಲ. ಒಂದು ಮೂಲೆಯಿಂದ ನೇತಾಡಬಹುದು, ಎರಡು ಮೂಲೆಗಳಿಂದ ಜೋಲಾಡಬಹುದು, ಇಲ್ಲವೇ ಬರಿಯ ಗುಳಿ ಬಿದ್ದು ಹಾಗೆಯೇ ಉಳಿಯಬಹುದು. ಯಂತ್ರ ಇಂಥ ಕಾರ್ಡನ್ನು ಒಮ್ಮೆ ಓದೀತು, ಇನ್ನೊಮ್ಮೆ ಓದದೆ ಹೋದೀತು. ಒಮ್ಮೆ ಓದಿದ್ದನ್ನು ಮತ್ತೊಮ್ಮೆ ಓದಲಾರದ ಸಾಧನ ಒಳ್ಳೆಯ ಅಳತೆಯ ಸಾಧನವಲ್ಲ ಎಂಬುದು ವಿಜ್ಞಾನದ ಮೊದಲ ಪಾಠ.

ಈ ದೋಷ ಯಾರಿಗೂ ತಿಳಿಯದ ಗುಟ್ಟಾಗಿರಲಿಲ್ಲ. ಅಮೆರಿಕದ ರಾಷ್ಟ್ರೀಯ ಮಾನಕ ಸಂಸ್ಥೆಯ ತಜ್ಞ ರಾಯ್ ಸಾಲ್ಟ್‌ಮನ್ 1988ರಲ್ಲಿಯೇ ಬರೆದ ವರದಿಯಲ್ಲಿ, ಮೊದಲೇ ಅರೆಗತ್ತರಿಸಿದ ಪಂಚ್ ಕಾರ್ಡುಗಳನ್ನು ಕೈಬಿಡಬೇಕೆಂದು ಸಲಹೆ ಮಾಡಿದ್ದರು. ಆದರೆ ವರದಿ ಎಂಬುದು ಸಲಹೆ ಮಾತ್ರ, ಕಾನೂನಲ್ಲ. ಯಂತ್ರ ಹೇಗೋ ನಡೆಯುತ್ತಿತ್ತು, ಚುನಾವಣೆಗಳಲ್ಲಿ ಗೆಲುವಿನ ಅಂತರ ದೊಡ್ಡದಾಗಿರುತ್ತಿತ್ತು, ಸಣ್ಣ ತಪ್ಪು ಅದರಡಿ ಮುಚ್ಚಿಹೋಗುತ್ತಿತ್ತು. ಹೀಗೆ ಹನ್ನೆರಡು ವರ್ಷ ಕಳೆಯಿತು.

2000ದ ನವೆಂಬರ್ 7ರಂದು ಆ ಅಂತರ ಕರಗಿಹೋಯಿತು. ಸುಮಾರು 60 ಲಕ್ಷ ಮತಗಳಲ್ಲಿ ಜಾರ್ಜ್ ಬುಷ್ ಅವರಿಗೆ ಆಲ್ ಗೋರ್ ಅವರಿಗಿಂತ 1,784 ಮತಗಳು ಹೆಚ್ಚು. ಅಂತರ ಶೇಕಡಾ ಅರ್ಧಕ್ಕಿಂತ ಕಡಿಮೆಯಿದ್ದರೆ ಯಂತ್ರದಿಂದ ಮರುಎಣಿಕೆ ಆಗಬೇಕೆಂದು ರಾಜ್ಯದ ಕಾನೂನು ಹೇಳುತ್ತಿತ್ತು. ಮರುಎಣಿಕೆಯಾದಾಗ ಅಂತರ ಇನ್ನೂ ಕುಗ್ಗಿತು. ಕೊನೆಗೆ ಅಧಿಕೃತವಾಗಿ ಘೋಷಿಸಿದ ಅಂತರ 537. ಎಂದರೆ ಹನ್ನೊಂದು ಸಾವಿರ ಮತಗಳಿಗೆ ಒಂದೂ ಪೂರ್ತಿಯಿಲ್ಲ. ಎಣಿಕೆಗೆ ಸಿಗದೆ ಉಳಿದ ಮತಪತ್ರಗಳೋ ಸುಮಾರು 1,75,000! ಅಳೆಯಬೇಕಾದ ವಸ್ತು ಕೂದಲೆಳೆಯಷ್ಟಿದೆ, ನಮ್ಮ ಅಳತೆಪಟ್ಟಿಯ ದೋಷ ಒಂದು ಗೇಣಿದೆ ಎಂದರೆ ಹೇಗಿರುತ್ತದೆಯೋ ಹಾಗಾಯಿತು.

ಪಾಮ್ ಬೀಚ್ ಕೌಂಟಿಯಲ್ಲಿ ಇನ್ನೊಂದು ತೊಡಕು. ಅಲ್ಲಿ ವಯಸ್ಸಾದ ಮತದಾರರು ಬಹಳ. ಅವರಿಗೆ ಓದಲು ಅನುಕೂಲವಾಗಲೆಂದು ಅಧಿಕಾರಿಗಳು ಅಕ್ಷರಗಳನ್ನು ದೊಡ್ಡದು ಮಾಡಿಸಿದರು. ಹೆಸರುಗಳು ಒಂದು ಪುಟದಲ್ಲಿ ಹಿಡಿಸಲಿಲ್ಲ. ಎದುರುಬದುರು ಎರಡು ಪುಟಗಳಲ್ಲಿ ಹೆಸರುಗಳು, ನಡುವೆ ತೂತುಗಳ ಒಂದೇ ಸಾಲು. ಚಿಟ್ಟೆಯ ರೆಕ್ಕೆಗಳಂತೆ ಕಂಡದ್ದರಿಂದ ಅದಕ್ಕೆ ‘ಚಿಟ್ಟೆ ಮತಪತ್ರ’ ಎಂಬ ಹೆಸರೇ ಬಂತು. ಯಾವ ಹೆಸರಿಗೆ ಯಾವ ತೂತು ಎಂಬುದರಲ್ಲಿ ಅನೇಕರು ಎಡವಿದರು. ಆ ಒಂದು ಕೌಂಟಿಯಲ್ಲಿಯೇ ಅಧ್ಯಕ್ಷ ಸ್ಥಾನಕ್ಕೆ ಎರಡೆರಡು ಕಡೆ ತೂತು ಬಿದ್ದು ಕುಲಗೆಟ್ಟ ಮತಪತ್ರಗಳು 19,000ಕ್ಕೂ ಹೆಚ್ಚು. ಒಳ್ಳೆಯ ಉದ್ದೇಶದಿಂದ ಮಾಡಿದ ಬದಲಾವಣೆಯನ್ನೂ ಬಳಸುವವರ ಮುಂದಿಟ್ಟು ಪರೀಕ್ಷಿಸಬೇಕೆಂಬುದಕ್ಕೆ ಇದಕ್ಕಿಂತ ನಿದರ್ಶನ ಬೇಕಿಲ್ಲ.

ಈಗ ಆ ಭೂತಗನ್ನಡಿಯ ಅಧಿಕಾರಿಯ ಹತ್ತಿರ ಮರಳೋಣ. ಕೈಯಿಂದ ಮರುಎಣಿಕೆ ಮಾಡುವಾಗ ‘ಮತದಾರನ ಉದ್ದೇಶ’ ಏನೆಂದು ನೋಡಿ ತೀರ್ಮಾನಿಸಬೇಕೆಂದು ಫ್ಲಾರಿಡಾದ ಕಾನೂನು ಹೇಳುತ್ತಿತ್ತು. ಮಾತು ಚೆನ್ನಾಗಿದೆ. ಆದರೆ ಗುಳಿ ಬಿದ್ದ ಚೌಕ ಉದ್ದೇಶವೇ? ಒಂದು ಮೂಲೆ ಬಿಟ್ಟರೆ ಸಾಕೇ, ಎರಡು ಬಿಡಬೇಕೇ? ಇದನ್ನು ಕಾನೂನು ಹೇಳಲಿಲ್ಲ. ಒಂದು ಕೌಂಟಿ ಒಪ್ಪಿದ ಗುರುತನ್ನು ಪಕ್ಕದ ಕೌಂಟಿ ಒಪ್ಪಲಿಲ್ಲ. ಪಾಮ್ ಬೀಚಿನಲ್ಲಿ ಎಣಿಕೆ ನಡೆಯುತ್ತಿರುವಾಗಲೇ ಮಾನದಂಡ ಒಂದಕ್ಕಿಂತ ಹೆಚ್ಚು ಸಲ ಬದಲಾಯಿತು.

ನೀವು ರಸಾಯನಶಾಸ್ತ್ರದ ಪ್ರಯೋಗಾಲಯದಲ್ಲಿ ಬ್ಯುರೆಟ್ ಓದಿದ್ದೀರಿ. ಬಣ್ಣವಿಲ್ಲದ ದ್ರಾವಣವಾದರೆ ಬಾಗಿದ ಮೇಲ್ಮೈಯ ತಳವನ್ನು ಓದಬೇಕು. ಪೊಟ್ಯಾಸಿಯಂ ಪರ್ಮಾಂಗನೇಟಿನಂಥ ಗಾಢ ಬಣ್ಣದ್ದಾದರೆ ಮೇಲಿನ ಅಂಚನ್ನು ಓದಬೇಕು. ಎರಡೂ ಸರಿಯೇ. ಆದರೆ ಯಾವುದೆಂದು ಪ್ರಯೋಗಕ್ಕೆ ಮೊದಲೇ ಗೊತ್ತಾಗಿರಬೇಕು, ಮೊದಲಿನಿಂದ ಕೊನೆಯವರೆಗೂ ಅದನ್ನೇ ಹಿಡಿಯಬೇಕು. ಒಮ್ಮೆ ನಾನೂ ನನ್ನ ಜೊತೆಗಾರನೂ ಪಕ್ಕದ ಮೇಜಿನವರ ಉತ್ತರ ನೋಡಿದೆವು. ನಮ್ಮದು 0.2 ಮಿಲಿಲೀಟರ್ ಹೆಚ್ಚಿತ್ತು. ‘ತಳ ಬಿಟ್ಟು ಅಂಚು ಓದಿದರೆ ಸರಿಹೋಗುತ್ತದೆಯಲ್ಲ’ ಎಂದುಕೊಂಡು ತಿದ್ದಿದೆವು. ಉಪನ್ಯಾಸಕರು ಪುಸ್ತಕ ನೋಡಿ ಇಷ್ಟೇ ಹೇಳಿದರು: ‘ನೀವು ದ್ರಾವಣವನ್ನು ಓದಲಿಲ್ಲ, ನಿಮಗೆ ಬೇಕಾದ್ದನ್ನು ಓದಿದಿರಿ.’ ಮತ ಎಣಿಕೆಯಲ್ಲೂ ಅಪಾಯ ಇದೇ. ಫಲಿತಾಂಶ ಯಾವ ಕಡೆ ವಾಲುತ್ತಿದೆ ಎಂದು ಗೊತ್ತಾದ ಮೇಲೆ ಮಾನದಂಡ ಗೊತ್ತುಮಾಡಲು ಹೊರಟರೆ, ಎಣಿಸುವವನು ಎಷ್ಟೇ ಪ್ರಾಮಾಣಿಕನಾಗಿರಲಿ, ಸೋತವನು ನಂಬುವುದಿಲ್ಲ. ಚುನಾವಣೆಯ ಬಹು ಮುಖ್ಯವಾದ ಕೆಲಸವೆಂದರೆ ಗೆದ್ದವನನ್ನು ಹೆಸರಿಸುವುದಷ್ಟೇ ಅಲ್ಲ, ಸೋತವನಿಗೆ ಸಮಾಧಾನವಾಗುವಂತೆ ಹೆಸರಿಸುವುದು.

ಅಮೆರಿಕದ ಸರ್ವೋಚ್ಚ ನ್ಯಾಯಾಲಯ ಡಿಸೆಂಬರ್ 12ರಂದು ತೀರ್ಪಿತ್ತಿತು. ಕಡೆಗೊಂದು ಬಗೆಯ ಮಾನದಂಡವಿದ್ದರೆ ಮತದಾರರಿಗೆ ಸಮಾನ ರಕ್ಷಣೆ ಸಿಗುವುದಿಲ್ಲವೆಂದು ಒಂಬತ್ತು ನ್ಯಾಯಾಧೀಶರಲ್ಲಿ ಏಳು ಮಂದಿ ಕಂಡರು. ಹೊಸ ಮಾನದಂಡದೊಂದಿಗೆ ಎಣಿಸಲು ಸಮಯವಿಲ್ಲವೆಂದು ಐವರು ಹೇಳಿದರು, ನಾಲ್ವರು ಒಪ್ಪಲಿಲ್ಲ. ಎಣಿಕೆ ನಿಂತಿತು. 537ರ ಅಂತರ ಉಳಿಯಿತು. ಆ ತೀರ್ಪು ಸರಿಯೇ ತಪ್ಪೇ ಎಂಬ ವಾದ ಅಲ್ಲಿ ಇಂದಿಗೂ ಮುಗಿದಿಲ್ಲ.

ಮರುವರ್ಷವೇ, 2001ರಲ್ಲಿ, ಫ್ಲಾರಿಡಾದ ಶಾಸನಸಭೆ ಚುನಾವಣಾ ಸುಧಾರಣಾ ಕಾಯಿದೆಯನ್ನು ತಂದಿತು. ಪಂಚ್ ಕಾರ್ಡ್ ಮತ್ತು ಸನ್ನೆಕೋಲಿನ ಯಂತ್ರಗಳನ್ನು ನಿಷೇಧಿಸಿತು. ಮತಗಟ್ಟೆಯಲ್ಲಿಯೇ ಮತವನ್ನು ಓದುವ ಯಂತ್ರ ಇರಬೇಕೆಂದಿತು. ಇದರ ಮರ್ಮವನ್ನು ನೋಡಿ. ನಿಮ್ಮ ಸಿ.ಇ.ಟಿ. ಪರೀಕ್ಷೆಯ ಓ.ಎಂ.ಆರ್. ಹಾಳೆಯಂತೆ ಮತದಾರ ಕಾಗದದ ಮೇಲೆ ದುಂಡಗಿನ ಗುರುತು ತುಂಬುತ್ತಾನೆ. ಕಪ್ಪು ಗುರುತು ಬೆಳಕನ್ನು ಹೀರುತ್ತದೆ, ಬಿಳಿಯ ಕಾಗದ ಹಿಂದಿರುಗಿಸುತ್ತದೆ, ಯಂತ್ರ ಆ ವ್ಯತ್ಯಾಸವನ್ನು ಓದುತ್ತದೆ. ಈ ಯಂತ್ರ ದೂರದ ಕಚೇರಿಯಲ್ಲಿದ್ದರೆ ತಪ್ಪಾಗಿ ತುಂಬಿದ ಹಾಳೆ ಸುಮ್ಮನೆ ಕುಲಗೆಡುತ್ತದೆ. ಮತಗಟ್ಟೆಯಲ್ಲಿಯೇ ಇದ್ದರೆ, ಇಬ್ಬರಿಗೆ ಗುರುತು ಹಾಕಿದ ಹಾಳೆಯನ್ನು ಅಲ್ಲಿಯೇ ಹಿಂದಕ್ಕೆ ತಳ್ಳುತ್ತದೆ. ಮತದಾರ ಹೊಸ ಹಾಳೆ ಪಡೆದು ತಿದ್ದಿಕೊಳ್ಳುತ್ತಾನೆ. 2000ದ ಚುನಾವಣೆಯಲ್ಲಿ ಪಂಚ್ ಕಾರ್ಡ್ ಕೌಂಟಿಗಳಲ್ಲಿ ನೂರಕ್ಕೆ ಸುಮಾರು ನಾಲ್ಕು ಮತಪತ್ರಗಳು ಅಧ್ಯಕ್ಷ ಸ್ಥಾನಕ್ಕೆ ಲೆಕ್ಕಕ್ಕೆ ಬಾರದೆ ಹೋಗಿದ್ದವು. ಮತಗಟ್ಟೆಯಲ್ಲಿಯೇ ಓದುವ ಯಂತ್ರವಿದ್ದ ಕೌಂಟಿಗಳಲ್ಲಿ ನೂರಕ್ಕೆ ಒಂದೂ ಇರಲಿಲ್ಲ. ಮತದಾರ ಅಷ್ಟೇ ಬುದ್ಧಿವಂತ, ಸಾಧನ ಬೇರೆ.

2002ರಲ್ಲಿ ಕೇಂದ್ರ ಸರ್ಕಾರವೂ ಒಂದು ಕಾಯಿದೆ ಮಾಡಿ, ಹಳೆಯ ಯಂತ್ರ ಬಿಟ್ಟು ಹೊಸದು ಕೊಳ್ಳಲು ರಾಜ್ಯಗಳಿಗೆ ಹಣ ಕೊಟ್ಟಿತು. ಆ ವರ್ಷದ ರಾಷ್ಟ್ರೀಯ ಮಾನಕಗಳ ಪ್ರಕಾರ, ಪರೀಕ್ಷೆಯಲ್ಲಿ ಯಂತ್ರವು 5 ಲಕ್ಷ ಗುರುತು ಸ್ಥಾನಗಳನ್ನು ಓದಿದರೆ ಒಂದಕ್ಕಿಂತ ಹೆಚ್ಚು ತಪ್ಪು ಮಾಡಬಾರದು. ಈ ಮಾನಕಗಳನ್ನು ಪಾಲಿಸುವುದು ಬಿಡುವುದು ಬಹುಮಟ್ಟಿಗೆ ರಾಜ್ಯಗಳ ಇಚ್ಛೆಗೆ ಬಿಟ್ಟದ್ದು.

ಇಲ್ಲಿಗೆ ಕತೆ ಸುಖಾಂತವಾಯಿತೆಂದು ನೀವು ತಿಳಿಯಬಹುದು. ಆಗಲಿಲ್ಲ. ಫ್ಲಾರಿಡಾದ ಹಲವು ಕೌಂಟಿಗಳು ಕಾಗದವೇ ಇಲ್ಲದ, ಬೆರಳಿನಿಂದ ಮುಟ್ಟುವ ಪರದೆಯ ಯಂತ್ರಗಳನ್ನು ಕೊಂಡವು. 2006ರಲ್ಲಿ ಸರಸೋಟಾ ಕೌಂಟಿ ಸೇರಿದ್ದ ಕ್ಷೇತ್ರದ ಸಂಸತ್ ಸ್ಥಾನಕ್ಕೆ ಚುನಾವಣೆ ನಡೆಯಿತು. ಗೆಲುವಿನ ಅಂತರ 369. ಸರಸೋಟಾದಲ್ಲಿ ಉಳಿದ ಸ್ಥಾನಗಳಿಗೆ ಮತ ಹಾಕಿ ಈ ಒಂದು ಸ್ಥಾನಕ್ಕೆ ಮಾತ್ರ ಖಾಲಿ ಬಿಟ್ಟವರು ಸುಮಾರು 18,000! ಅಂಚೆಯಲ್ಲಿ ಕಾಗದದ ಮತ ಕಳಿಸಿದವರಲ್ಲಿ ಹೀಗೆ ಬಿಟ್ಟವರು ತೀರ ಕಡಿಮೆ. ಯಂತ್ರ ಕೆಟ್ಟಿತೇ? ಮುಂದೆ ನಡೆದ ಸರ್ಕಾರಿ ತಪಾಸಣೆಯಲ್ಲಿ ಯಂತ್ರದ ದೋಷಕ್ಕೆ ಪುರಾವೆ ಸಿಗಲಿಲ್ಲ. ಪರದೆಯ ಮೇಲ್ಭಾಗದಲ್ಲಿದ್ದ ಆ ಸ್ಥಾನ, ಕೆಳಗಿನ ಗವರ್ನರ್ ಚುನಾವಣೆಯ ಎದ್ದುಕಾಣುವ ಶೀರ್ಷಿಕೆಯಿಂದಾಗಿ ಕಣ್ಣಿಗೆ ಬೀಳಲಿಲ್ಲವೆಂಬುದು ಹಲವು ತಜ್ಞರ ವಿವರಣೆ. ಆದರೆ ಖಚಿತಪಡಿಸಿಕೊಳ್ಳಲು ತೆರೆದು ನೋಡುವಂಥ ಕಾಗದವೇ ಇರಲಿಲ್ಲ. 2000ದಲ್ಲಿ ಕಾಗದವಿತ್ತು, ನೋಡುವ ನಿಯಮವಿರಲಿಲ್ಲ. 2006ರಲ್ಲಿ ನೋಡಲು ಕಾಗದವೇ ಇಲ್ಲ.

ಶಾಸನಸಭೆ ಮತ್ತೆ ಕುಳಿತು 2007ರಲ್ಲಿ ಇನ್ನೊಂದು ಕಾಯಿದೆ ಮಾಡಿತು. ಅಂಗವಿಕಲ ಮತದಾರರಿಗಾಗಿ ಕೆಲವು ಯಂತ್ರಗಳನ್ನು ಬಿಟ್ಟು, 2008ರಿಂದ ಎಲ್ಲೆಡೆ ಕಾಗದದ ಮತಪತ್ರ ಮತ್ತು ಬೆಳಕಿನಿಂದ ಓದುವ ಯಂತ್ರ. ಜೊತೆಗೆ, ಚುನಾವಣೆಯ ಬಳಿಕ ಚೀಟಿಯೆತ್ತಿ ಆರಿಸಿದ ಒಂದು ಸ್ಥಾನದ ಮತಗಳನ್ನು ನೂರಕ್ಕೆ ಒಂದೆರಡು ಮತಗಟ್ಟೆಗಳಲ್ಲಿ ಕೈಯಿಂದ ಎಣಿಸಿ ತಾಳೆ ನೋಡಬೇಕೆಂಬ ವಿಧಿ. ಪಾಠ ಇಷ್ಟಕ್ಕೂ ಮುಗಿಯಲಿಲ್ಲ. 2018ರಲ್ಲಿ ಬ್ರೋವರ್ಡ್ ಕೌಂಟಿಯ ಕಾಗದದ ಮತಪತ್ರದಲ್ಲಿ ಸೆನೆಟ್ ಸ್ಥಾನವನ್ನು ಉದ್ದನೆಯ ಸೂಚನೆಗಳ ಕೆಳಗೆ, ಎಡಮೂಲೆಯಲ್ಲಿ ಅಚ್ಚು ಹಾಕಿದ್ದರು. ಗವರ್ನರ್ ಸ್ಥಾನಕ್ಕಿಂತ ಸುಮಾರು 25,000 ಕಡಿಮೆ ಮತಗಳು ಅದಕ್ಕೆ ಬಿದ್ದವು. ರಾಜ್ಯದಾದ್ಯಂತ ಗೆಲುವಿನ ಅಂತರ 10,033. ಸೂಚನೆಗಳ ಕೆಳಗೆ ಯಾವ ಸ್ಥಾನವನ್ನೂ ಅಚ್ಚು ಹಾಕಬಾರದೆಂದು 2019ರಲ್ಲಿ ಕಾನೂನೇ ಹೇಳಬೇಕಾಯಿತು. ಶಾಸನವೆಂದರೆ ದೊಡ್ಡ ಆದರ್ಶಗಳ ಮಾತು ಮಾತ್ರ ಎಂದು ತಿಳಿದವರು ಇದನ್ನು ಗಮನಿಸಬೇಕು. ಅಚ್ಚಿನ ಮೂಲೆಯೂ ಶಾಸನದ ವಿಷಯವೇ.

ಯಂತ್ರದ ಮಾತಾಯಿತು. ಇನ್ನು ಮುಂಗಡ ಮತದಾನ. ಅಮೆರಿಕದಲ್ಲಿ ಚುನಾವಣೆ ನಡೆಯುವುದು ಮಂಗಳವಾರ, ಅದು ರಜಾದಿನವಾಗಿಯೇ ಇರಬೇಕೆಂದಿಲ್ಲ. ದಿನಗೂಲಿಯವರು, ಆಸ್ಪತ್ರೆಯ ದಾದಿಯರು, ಬಸ್ ಚಾಲಕರು ಏನು ಮಾಡಬೇಕು? ಚುನಾವಣೆಗೆ ಎರಡು ವಾರ ಮೊದಲಿನಿಂದ ನಿಗದಿಯಾದ ಕೇಂದ್ರಗಳಿಗೆ ಹೋಗಿ ಮತ ಹಾಕುವ ಏರ್ಪಾಡನ್ನು ಫ್ಲಾರಿಡಾ 2004ರಲ್ಲಿ ರಾಜ್ಯಕ್ಕೆಲ್ಲ ಒಂದೇ ರೀತಿ ಮಾಡಿತು. 2011ರಲ್ಲಿ ಹೊಸ ಕಾಯಿದೆಯೊಂದು ಈ ಅವಧಿಯನ್ನು 14 ದಿನಗಳಿಂದ 8ಕ್ಕೆ ಇಳಿಸಿತು. ದಿನಕ್ಕೆ ಹೆಚ್ಚು ಗಂಟೆ ತೆರೆದರೆ ಒಟ್ಟು ಗಂಟೆಗಳು ಅಷ್ಟೇ ಆಗುತ್ತವೆಂಬುದು ಅದನ್ನು ತಂದವರ ವಾದ. ಬಡವರಿಗೂ ದುಡಿಯುವವರಿಗೂ ತೊಂದರೆ ಎಂಬುದು ವಿರೋಧಿಗಳ ವಾದ. ಯಾವುದು ಸರಿ ಎಂಬುದನ್ನು 2012ರ ಸರತಿ ಸಾಲುಗಳು ಹೇಳಿದವು. ಮಯಾಮಿ ಪ್ರದೇಶದಲ್ಲಿ ಜನ ಗಂಟೆಗಟ್ಟಲೆ ನಿಂತರು. ಮುಂಗಡ ಮತ ಹಾಕಲು ಬಂದ 102 ವರ್ಷದ ವೃದ್ಧೆಯೊಬ್ಬರು ಗಂಟೆಗಳ ಕಾಲ ಕಾಯಬೇಕಾಯಿತು. ಮರುವರ್ಷದ ಫೆಬ್ರವರಿಯಲ್ಲಿ ಅಧ್ಯಕ್ಷ ಒಬಾಮ ಸಂಸತ್ತನ್ನು ಉದ್ದೇಶಿಸಿ ಮಾತಾಡುವಾಗ ಆಕೆ ಅತಿಥಿಯಾಗಿ ಅಲ್ಲಿ ಕುಳಿತಿದ್ದರು. 2013ರಲ್ಲಿ ಅದೇ ಶಾಸನಸಭೆ ದಿನಗಳನ್ನು 14ರವರೆಗೆ ಹೆಚ್ಚಿಸಿಕೊಳ್ಳಲು ಕೌಂಟಿಗಳಿಗೆ ಅವಕಾಶ ಕೊಟ್ಟಿತು. ಯಾವ ಮತದಾರನೂ ಅರ್ಧ ಗಂಟೆಗಿಂತ ಹೆಚ್ಚು ಕಾಯಬಾರದೆಂದು ಅಧ್ಯಕ್ಷರು ನೇಮಿಸಿದ್ದ ಆಯೋಗ 2014ರಲ್ಲಿ ಶಿಫಾರಸು ಮಾಡಿತು.

ಅಂಚೆಯ ಮತಕ್ಕೆ ಬೇರೆಯ ನಿಯಮಗಳು. ಲಖೋಟೆಯ ಮೇಲಿನ ಸಹಿಯನ್ನು ಕಚೇರಿಯಲ್ಲಿರುವ ಸಹಿಯೊಂದಿಗೆ ತಾಳೆ ನೋಡಬೇಕು, ಲಖೋಟೆ ತೆರೆಯಬೇಕು, ಮತಪತ್ರ ಬಿಡಿಸಿ ಯಂತ್ರಕ್ಕೆ ಕೊಡಬೇಕು. ಇದನ್ನು ಯಾವಾಗ ಆರಂಭಿಸಬೇಕು? 2020ರಲ್ಲಿ ಫ್ಲಾರಿಡಾದ ಕಾನೂನು ಚುನಾವಣೆಗೆ 22 ದಿನ ಮೊದಲೇ ಆರಂಭಿಸಲು ಬಿಟ್ಟಿತ್ತು. ಫಲಿತಾಂಶವನ್ನು ಮುಂಚೆ ಹೊರಬಿಟ್ಟರೆ ಮಾತ್ರ ಕಠಿಣ ಶಿಕ್ಷೆ. ಪೆನ್ಸಿಲ್ವೇನಿಯಾದಲ್ಲಿ ಚುನಾವಣೆಯ ದಿನ ಬೆಳಿಗ್ಗೆ 7 ಗಂಟೆಗೆ ಮೊದಲು ಲಖೋಟೆ ಮುಟ್ಟುವಂತಿರಲಿಲ್ಲ. ಅಲ್ಲಿಗೆ ಬಂದ ಅಂಚೆ ಮತಗಳು ಸುಮಾರು 26 ಲಕ್ಷ. ಫ್ಲಾರಿಡಾದ ಫಲ ಆ ರಾತ್ರಿಯೇ ತಿಳಿಯಿತು. ಪೆನ್ಸಿಲ್ವೇನಿಯಾದ ಒಲವು ತಿಳಿಯಲು ಮಂಗಳವಾರದಿಂದ ಶನಿವಾರದವರೆಗೆ ಕಾಯಬೇಕಾಯಿತು. ಆ ನಾಲ್ಕು ದಿನಗಳಲ್ಲಿ ಎಷ್ಟು ವದಂತಿಗಳು ಹುಟ್ಟಿದವು ಎಂಬುದನ್ನು ಜಗತ್ತೇ ಕಂಡಿತು. ಲಖೋಟೆ ಅದೇ, ಎಣಿಸುವ ಕೈಗಳೂ ಅಂಥವೇ. ವ್ಯತ್ಯಾಸವಿದ್ದದ್ದು ಕಾನೂನಿನ ಒಂದು ವಾಕ್ಯದಲ್ಲಿ.

ಇನ್ನು ನಮ್ಮ ಮನೆಯ ಕಡೆ ಒಮ್ಮೆ ನೋಡೋಣ. 1982ರಲ್ಲಿ ಕೇರಳದ ಪರವೂರು ವಿಧಾನಸಭಾ ಕ್ಷೇತ್ರದ 50 ಮತಗಟ್ಟೆಗಳಲ್ಲಿ ಮೊದಲ ಸಲ ವಿದ್ಯುನ್ಮಾನ ಮತಯಂತ್ರ ಬಳಕೆಯಾಯಿತು. ಗೆಲುವಿನ ಅಂತರ 123. ಸೋತ ಅಭ್ಯರ್ಥಿ ನ್ಯಾಯಾಲಯಕ್ಕೆ ಹೋದರು. 1984ರಲ್ಲಿ ನಮ್ಮ ಸುಪ್ರೀಂ ಕೋರ್ಟು, ಯಂತ್ರ ಕೆಟ್ಟದ್ದೆಂದು ಹೇಳಲಿಲ್ಲ. ಯಂತ್ರಕ್ಕೆ ಕಾನೂನಿನಲ್ಲಿ ಜಾಗವಿಲ್ಲವೆಂದಿತು. ಆ 50 ಮತಗಟ್ಟೆಗಳಲ್ಲಿ ಕಾಗದದ ಮರುಮತದಾನ ನಡೆದು, ಸೋತಿದ್ದವರು ಗೆದ್ದರು. ಪ್ರಜಾಪ್ರತಿನಿಧಿ ಕಾಯಿದೆಗೆ 61ಎ ಕಲಮು ಸೇರಿ, 1989ರ ಮಾರ್ಚಿನಲ್ಲಿ ಜಾರಿಗೆ ಬಂದ ಮೇಲೆಯೇ ಯಂತ್ರಕ್ಕೆ ನೆಲೆ ಸಿಕ್ಕಿತು. ಆ ಯಂತ್ರಗಳನ್ನು ತಯಾರಿಸುವ ಎರಡು ಸಂಸ್ಥೆಗಳಲ್ಲಿ ಒಂದು ನಮ್ಮ ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್. ಮತದಾರನಿಗೆ ಏಳು ಸೆಕೆಂಡು ಕಾಣಿಸಿ ಪೆಟ್ಟಿಗೆಗೆ ಬೀಳುವ ಕಾಗದದ ಚೀಟಿ, ಅದೇ ವಿವಿಪ್ಯಾಟ್, 2013ರಲ್ಲಿ ನಾಗಾಲ್ಯಾಂಡಿನ ನೋಕ್ಸೆನ್‌ನಲ್ಲಿ ಮೊದಲು ಬಳಕೆಗೆ ಬಂತು. ಪ್ರತಿ ವಿಧಾನಸಭಾ ಕ್ಷೇತ್ರದ ಐದು ಮತಗಟ್ಟೆಗಳ ಚೀಟಿಗಳನ್ನು ಎಣಿಸಿ ತಾಳೆ ನೋಡಬೇಕೆಂದು 2019ರಲ್ಲಿ ಸುಪ್ರೀಂ ಕೋರ್ಟು ಆದೇಶಿಸಿತು. ಮನೆಯಿಂದಲೇ ಮತ ಹಾಕುವ ಕ್ರಮವೂ ನಮಗೀಗ ಹೊಸತಲ್ಲ. 2023ರ ಕರ್ನಾಟಕ ವಿಧಾನಸಭಾ ಚುನಾವಣೆಯಲ್ಲಿ 80 ವರ್ಷ ಮೀರಿದ ಹಿರಿಯರು ಇಚ್ಛೆಪಟ್ಟರೆ, ಅಧಿಕಾರಿಗಳೇ ಮನೆಗೆ ಬಂದು ಅಂಚೆ ಮತಪತ್ರದಲ್ಲಿ ಮತ ಪಡೆದರು.

ಹೀಗಾಗಿ, ಮಿತ್ರರೇ, ‘ಯಂತ್ರ ಒಳ್ಳೆಯದೋ ಕಾಗದ ಒಳ್ಳೆಯದೋ’ ಎಂದು ಯಾರಾದರೂ ನಿಮ್ಮನ್ನು ಕೇಳಿದರೆ ಅವಸರದಿಂದ ಉತ್ತರಿಸಬೇಡಿ. ಮೂರು ಮರುಪ್ರಶ್ನೆ ಕೇಳಿ. ಯಾವುದು ಮತ ಎಂಬ ನಿಯಮವನ್ನು ಎಣಿಕೆಗೆ ಮೊದಲೇ ಬರೆದಿದ್ದಾರೆಯೇ? ಸಂದೇಹ ಬಂದಾಗ ಮತ್ತೆ ನೋಡಲು ಏನಾದರೂ ಉಳಿದಿದೆಯೇ? ಬಳಸಬೇಕಾದ ಜನರ ಕೈಗೆ ಕೊಟ್ಟು ಪರೀಕ್ಷಿಸಿದ್ದಾರೆಯೇ?

ಮುಂದಿನ ಸಲ ನಿಮ್ಮ ತರಗತಿಯ ಪ್ರತಿನಿಧಿಯ ಚುನಾವಣೆ ನಡೆದಾಗ ಒಂದು ಪ್ರಯೋಗ ಮಾಡಿ. ಹೆಸರನ್ನು ತಪ್ಪಾಗಿ ಬರೆದ ಚೀಟಿ, ಎರಡು ಹೆಸರು ಬರೆದು ಒಂದನ್ನು ಹೊಡೆದುಹಾಕಿದ ಚೀಟಿ, ಅಡ್ಡಹೆಸರು ಮಾತ್ರ ಬರೆದ ಚೀಟಿ, ಇವುಗಳನ್ನು ಒಪ್ಪಬೇಕೋ ಬಿಡಬೇಕೋ ಎಂದು ಮತದಾನಕ್ಕೆ ಮುಂಚೆಯೇ ಕಪ್ಪುಹಲಗೆಯ ಮೇಲೆ ಬರೆಯಿರಿ. ಚರ್ಚೆ ಕಾವೇರುತ್ತದೆ, ಇಡೀ ಗಂಟೆ ಅದಕ್ಕೇ ಹೋಗಬಹುದು. ಹೋಗಲಿ. ಅಂಥ ಒಂದು ಗಂಟೆಯನ್ನು ಮೊದಲೇ ಕೊಟ್ಟಿದ್ದರೆ ಫ್ಲಾರಿಡಾದ ಆ ಅಧಿಕಾರಿ ಭೂತಗನ್ನಡಿ ಹಿಡಿಯಬೇಕಾಗಿ ಬರುತ್ತಿರಲಿಲ್ಲ.